ಎದೆಯಲ್ಲಿ ಗಂಟು ಸಿಕ್ಕರೆ: ಮೊದಲು ಸೂಜಿ, ಆಮೇಲೆ ಚಾಕು

ಅಕ್ಕ ಸ್ನಾನ ಮುಗಿಸಿ ಬಂದವಳು, ತಲೆಗೆ ಟವೆಲ್ ಸುತ್ತಿಕೊಂಡೇ ನನ್ನ ಕೈ ಹಿಡಿದು ತನ್ನ ಎಡಗಡೆ ಎದೆಯ ಮೇಲೆ ಇಟ್ಟಳು. "ನೋಡೇ, ಇಲ್ಲಿ ಏನೋ ಗಟ್ಟಿ ಸಿಗ್ತಿದೆ." ಸಿಕ್ಕಿತು. ಅವರೆಕಾಳಿಗಿಂತ ದೊಡ್ಡದು, ಬೆಟ್ಟದ ನೆಲ್ಲಿಕಾಯಿಗಿಂತ ಚಿಕ್ಕದು. ಒತ್ತಿದರೆ ಜಾರುತ್ತಿರಲಿಲ್ಲ, ನೋಯುತ್ತಲೂ ಇರಲಿಲ್ಲ. "ನೋವಿಲ್ಲ ಅಲ್ವಾ, ಹಾಗಾದ್ರೆ ಏನೂ ಇರಲ್ಲ ಬಿಡು" ಅಂದಳು. ನಾನೂ ಹೂಂ ಅಂದೆ. ಆಗ ಅವಳಿಗೆ 47 ವರ್ಷ.

ಆ ಒಂದು ಹೂಂ ನಮ್ಮ ಎರಡು ತಿಂಗಳು ತಿಂದಿತು. ಆಮೇಲೆ ಮನೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. "ಸಣ್ಣ ಗಂಟು, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ತೆಗೆದುಬಿಡೋಣ" ಅಂದರು. ಸ್ಕ್ಯಾನ್ ಇಲ್ಲ, ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಇಲ್ಲ. ತೆಗೆದರು, ಹೊಲಿಗೆ ಹಾಕಿದರು, ತೆಗೆದದ್ದನ್ನು ಲ್ಯಾಬಿಗೆ ಕಳಿಸಿದರು. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್. ಅಷ್ಟೇ ಅಲ್ಲ, ಕತ್ತರಿಸಿದ ಅಂಚಿನಲ್ಲೂ ಇದೆ, ಅಂದರೆ ಒಳಗೆ ಇನ್ನೂ ಉಳಿದಿರಬಹುದು. ಅದೇ ಗಾಯ ಇನ್ನೊಮ್ಮೆ ಬಿಚ್ಚಬೇಕಾಯಿತು.

ಈಗ ಅಕ್ಕ ಚೆನ್ನಾಗಿದ್ದಾಳೆ, ನಾಲ್ಕನೇ ವರ್ಷದ ಮಾತ್ರೆ ನಡೀತಿದೆ. ಆದರೆ ಆವತ್ತು ನಮಗೆ ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಿದ್ದಿದ್ದರೆ ಒಂದು ಆಪರೇಷನ್ ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಂಟು ಸಿಕ್ಕ ದಿನ

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಭಯದಿಂದಲೇ ಎಷ್ಟೋ ಜನ ತೋರಿಸಿಕೊಳ್ಳಲು ಹೋಗುವುದಿಲ್ಲ. ಹುಡುಗಿಯರಲ್ಲಿ ಬೆರಳಿಗೆ ಸಿಕ್ಕಿ ಗೋಲಿಯ ಹಾಗೆ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೋಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ನೀರು ತುಂಬಿದ ಗುಳ್ಳೆ ಇರಬಹುದು, ಹಾಲು ಕಟ್ಟಿರಬಹುದು. ಆದರೆ ಕೈಯಲ್ಲಿ ಮುಟ್ಟಿ ನೋಡಿ ಇದು ಅದೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ. ನೋವಿಲ್ಲ ಅನ್ನುವುದು ಸಮಾಧಾನದ ವಿಷಯವೂ ಅಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಗಂಟು ಒಂದೇ ಅಲ್ಲ. ತೊಟ್ಟು ಇತ್ತೀಚೆಗೆ ಒಳಕ್ಕೆ ಎಳೆದುಕೊಂಡಿದೆಯಾ, ತೊಟ್ಟಿನಿಂದ ರಕ್ತ ಬರುತ್ತಿದೆಯಾ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿಕುಳಿ ಆಗಿದೆಯಾ, ಕಂಕುಳಲ್ಲಿ ಗಂಟು ಇದೆಯಾ, ಇವನ್ನೂ ನೋಡಿ. ಬಾಣಂತಿಯರಿಗೆ ಎದೆ ಕೆಂಪಾಗಿ ಊದಿಕೊಂಡರೆ ಹಾಲು ಕಟ್ಟಿದೆ ಅಂತ ಔಷಧಿ ಕೊಡುತ್ತಾರೆ, ಅದು ಸರಿಯೇ. ಆದರೆ ಒಂದೆರಡು ವಾರ ಔಷಧಿ ತಗೊಂಡರೂ ಇಳಿಯದಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು. ಗಂಡಸರಿಗೂ ಇದು ಬರುತ್ತದೆ, ಅಪರೂಪ ಅಷ್ಟೇ. ಅವರಿಗೂ ಇದೇ ದಾರಿ.

ನೀವೇ ನೋಡಿಕೊಳ್ಳುವುದಾದರೆ ಮುಟ್ಟು ಶುರುವಾಗಿ ಒಂದು ವಾರ ಆದ ಮೇಲೆ ನೋಡಿ, ಆಗ ಎದೆ ಮೆತ್ತಗಿರುತ್ತದೆ. ಕೈಗೆ ಸೋಪು ಹಚ್ಚಿಕೊಂಡು ಮೂರು ಬೆರಳುಗಳ ಮೆತ್ತನೆ ಭಾಗದಿಂದ ಸುತ್ತ ಒತ್ತುತ್ತಾ ಬನ್ನಿ, ಮೇಲೆ ಕೊರಳ ಮೂಳೆವರೆಗೆ, ಪಕ್ಕದಲ್ಲಿ ಕಂಕುಳವರೆಗೆ. ಹಿಂಡಬೇಡಿ, ಹಿಂಡಿದರೆ ಎಲ್ಲವೂ ಗಂಟೇ ಅನ್ನಿಸುತ್ತದೆ.

30 ದಾಟಿದ ಹೆಂಗಸರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೈಯಿಂದ ಎದೆ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕೈಯಲ್ಲಿ ಮುಟ್ಟಿ ನೋಡಿದರೆ ಏನು ಗೊತ್ತಾಗುತ್ತೆ ಅಂತ ಹಗುರ ಮಾಡಬೇಡಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರ ಮೇಲೆ 20 ವರ್ಷ ಅಧ್ಯಯನ ನಡೆಸಿ 2021ರಲ್ಲಿ ಫಲಿತಾಂಶ ಕೊಟ್ಟರು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ 30 ಶೇಕಡ ಕಡಿಮೆ ಇತ್ತು.

ಕೈ, ಚಿತ್ರ, ಸೂಜಿ

ಗಂಟು ಏನು ಅಂತ ತಿಳಿಯಲು ಮೂರು ಪರೀಕ್ಷೆ ಆಗಬೇಕು. ಸರ್ಜನ್ ಕೈಯಿಂದ ನೋಡುವುದು, ಮ್ಯಾಮೋಗ್ರಾಮ್ ಅಥವಾ ಅಲ್ಟ್ರಾಸೌಂಡ್, ಆಮೇಲೆ ಸೂಜಿ ಬಯಾಪ್ಸಿ. ದಪ್ಪ ಸೂಜಿಯಿಂದ ಗಂಟಿನ ತುಂಡು ತೆಗೆಯುವ ಬಯಾಪ್ಸಿಗೆ ಟ್ರೂಕಟ್ ಅನ್ನುತ್ತಾರೆ. ಈ ಮೂರೂ ಮುಗಿಯುವವರೆಗೆ ಯಾರು "ತೆಗೆದುಬಿಡೋಣ" ಅಂದರೂ ಒಪ್ಪಬೇಡಿ. "ಡಾಕ್ಟ್ರೇ, ಮೊದಲು ಟ್ರೂಕಟ್ ಬಯಾಪ್ಸಿ ಮಾಡಿಸೋಣ" ಅಂತ ನೇರವಾಗಿ ಹೇಳಿ. ಮರ್ಯಾದೆಯಿಂದ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೆ ಬೇರೆ ಡಾಕ್ಟರನ್ನು ನೋಡಿ.

ಮ್ಯಾಮೋಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ಎರಡು ತಟ್ಟೆಗಳ ನಡುವೆ ಎದೆಯನ್ನು ಇಟ್ಟು ಒತ್ತುತ್ತಾರೆ, ಕೆಲವು ಸೆಕೆಂಡು ನೋಯುತ್ತದೆ, ಬಿಟ್ಟ ಕೂಡಲೇ ಹೋಗುತ್ತದೆ. ಆ ದಿನ ಪೌಡರ್, ಸೆಂಟ್ ಏನೂ ಹಚ್ಚಿಕೊಳ್ಳಬೇಡಿ, ಪೌಡರಿನ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಗೊಂದಲ ಆಗುತ್ತದೆ. ಸೀರೆ ಅಥವಾ ಟಾಪು ಪ್ಯಾಂಟು ಹಾಕಿಕೊಂಡು ಹೋಗಿ, ಸೊಂಟದಿಂದ ಮೇಲೆ ಮಾತ್ರ ಬಿಚ್ಚಿದರೆ ಸಾಕು. ವಯಸ್ಸು ಚಿಕ್ಕದಿದ್ದರೆ ಎದೆ ದಟ್ಟವಾಗಿರುತ್ತದೆ, ಅದರಲ್ಲಿ ಗಂಟು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಅಂಥವರಿಗೆ ಅಲ್ಟ್ರಾಸೌಂಡ್ ಮೊದಲು.

ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. 1 ಅಥವಾ 2 ಅಂದರೆ ಚಿಂತೆ ಇಲ್ಲ. 3 ಅಂದರೆ ಬಹುಶಃ ಏನೂ ಇಲ್ಲ, ಆದರೆ ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಮತ್ತು 5ಕ್ಕೆ ಬಯಾಪ್ಸಿ. 0 ಅಂದರೆ ಒಳ್ಳೆಯದು ಅಂತ ಅಲ್ಲ, ಈ ಚಿತ್ರ ಸಾಲದು, ಇನ್ನೂ ಪರೀಕ್ಷೆ ಬೇಕು ಅಂತ. ಇನ್ನೊಂದು ಮಾತು ನೆನಪಿರಲಿ. ಮ್ಯಾಮೋಗ್ರಾಮ್ ನಾರ್ಮಲ್ ಬಂದು ಕೈಗೆ ಗಂಟು ಸಿಗುತ್ತಲೇ ಇದ್ದರೆ ಅಲ್ಲಿಗೇ ನಿಲ್ಲಿಸಬೇಡಿ.

ಬಯಾಪ್ಸಿಗೆ ಹೆದರುವವರು ಜಾಸ್ತಿ. "ಸೂಜಿ ಚುಚ್ಚಿದರೆ ಹರಡಿಬಿಡುತ್ತೆ" ಅಂತ ನಮ್ಮ ಅತ್ತೆ ಕೂಡ ಅಂದಿದ್ದರು. ಅದರಿಂದ ಕಾಯಿಲೆ ಹರಡಿ ಜೀವಕ್ಕೆ ಅಪಾಯ ಆಗುವುದಿಲ್ಲ. ಬಯಾಪ್ಸಿ ಮಾಡಿಸದೆ ತಿಂಗಳುಗಟ್ಟಲೆ ಕೂತರೆ ಹರಡುತ್ತದೆ. ಜಾಗ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅಕ್ಕಿಕಾಳಿನಷ್ಟು ಚರ್ಮ ಸೀಳುತ್ತಾರೆ, ಆಮೇಲೆ ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅಂತ ನಾಲ್ಕೈದು ಸಲ ಶಬ್ದ ಬರುತ್ತದೆ. ಪ್ರತಿ ಸಲ ಶಾವಿಗೆ ಎಳೆಯಷ್ಟು ತುಂಡು ಬರುತ್ತದೆ, ಅದನ್ನು ಫಾರ್ಮಲಿನ್ ಡಬ್ಬಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತು ಒತ್ತಿ ಹಿಡಿದು, ಐಸ್ ಇಟ್ಟು ಮನೆಗೆ ಕಳಿಸುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಎಫ್‌ಎನ್‌ಎಸಿ ಅಂತ ಇನ್ನೊಂದು ಇದೆ, ಅದು ತೆಳು ಸೂಜಿ, ಬರೀ ಜೀವಕೋಶ ಸಿಗುತ್ತದೆ, ತುಂಡು ಸಿಗುವುದಿಲ್ಲ. ಕ್ಯಾನ್ಸರ್ ಅಂತ ಅನುಮಾನ ಇದ್ದರೆ ಟ್ರೂಕಟ್ಟೇ ಬೇಕು, ಯಾಕಂದರೆ ಮುಂದಿನ ಔಷಧಿ ಯಾವುದು ಅನ್ನುವ ಪರೀಕ್ಷೆಗಳೆಲ್ಲ ಆ ತುಂಡಿನ ಮೇಲೆ ನಡೆಯುತ್ತವೆ.

ಆ ತುಂಡನ್ನು ಮೇಣದಲ್ಲಿ ಅಚ್ಚು ಮಾಡಿ ಇಡುತ್ತಾರೆ, ಬ್ಲಾಕ್ ಅಂತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಬ್ಲಾಕು, ಸ್ಲೈಡು ಕೇಳಿ ಇಸ್ಕೊಳ್ಳಿ. ನಾವು ಬರೀ ರಿಪೋರ್ಟ್ ಹಿಡಿದುಕೊಂಡು ಬೆಂಗಳೂರಿಗೆ ಹೋಗಿ, ಬ್ಲಾಕ್ ತರಲು ರಾತ್ರಿ ಬಸ್ಸಿಗೆ ವಾಪಸ್ ಬಂದಿದ್ದೆವು.

ರಿಪೋರ್ಟ್ ಓದುವಾಗ

ಅಕ್ಕನ ರಿಪೋರ್ಟಿನಲ್ಲಿ "ಗ್ರೇಡ್ 3" ಅಂತ ಇತ್ತು. ಮೂರನೇ ಹಂತ ಅಂದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅತ್ತೆವು. ಗ್ರೇಡ್ ಬೇರೆ, ಹಂತ ಬೇರೆ. ಜೀವಕೋಶಗಳು ಎಷ್ಟು ಬಿರುಸಾಗಿ ಬೆಳೆಯುವ ಜಾತಿಯವು ಅನ್ನುವುದನ್ನು ಗ್ರೇಡ್ ಹೇಳುತ್ತದೆ. ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಬಂದಿದೆಯಾ, ಮೂಳೆ, ಲಿವರ್, ಶ್ವಾಸಕೋಶಕ್ಕೆ ಹೋಗಿದೆಯಾ ಅನ್ನುವುದು ಹಂತ, ಅದನ್ನೇ ಸ್ಟೇಜ್ ಅನ್ನುತ್ತಾರೆ. ಅಕ್ಕನದು ಗ್ರೇಡ್ 3, ಸ್ಟೇಜ್ 2 ಆಗಿತ್ತು.

ಆಮೇಲೆ ಮೂರು ಹೆಸರು ನೋಡಿ: ಇಆರ್, ಪಿಆರ್, ಹರ್-ಟೂ. ಇಲ್ಲಿ ಗಮನ ಕೊಟ್ಟು ಓದಿ, ಇಡೀ ಚಿಕಿತ್ಸೆ ಇದರ ಮೇಲೆ ನಿಂತಿದೆ. ಇಆರ್ ಅಥವಾ ಪಿಆರ್ ಪಾಸಿಟಿವ್ ಅಂದರೆ ಆ ಕ್ಯಾನ್ಸರ್ ಹೆಣ್ಣಿನ ಹಾರ್ಮೋನಿನಿಂದ ಬೆಳೆಯುತ್ತದೆ, ಹಾರ್ಮೋನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್-ಟೂ ಅನ್ನುವುದು ಜೀವಕೋಶದ ಮೇಲಿರುವ ಒಂದು ಪ್ರೋಟೀನು. ಅದು 3 ಪ್ಲಸ್ ಅಂದರೆ ಪಾಸಿಟಿವ್, ಅದಕ್ಕೆ ಬೇರೆಯದೇ ಇಂಜೆಕ್ಷನ್ ಇದೆ. 0 ಅಥವಾ 1 ಪ್ಲಸ್ ಅಂದರೆ ನೆಗೆಟಿವ್. 2 ಪ್ಲಸ್ ಅಂದರೆ ಖಚಿತ ಇಲ್ಲ, ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಮಾಡಿಸಬೇಕು. ದುಡ್ಡು ಉಳಿಸಲು ಇದನ್ನು ಬಿಟ್ಟರೆ ಸರಿಯಾದ ಔಷಧಿಯೇ ಕೈ ತಪ್ಪಬಹುದು. ಮೂರೂ ನೆಗೆಟಿವ್ ಬಂದರೆ ಟ್ರಿಪಲ್ ನೆಗೆಟಿವ್ ಅಂತಾರೆ. ಅದಕ್ಕೂ ಚಿಕಿತ್ಸೆ ಇದೆ, ಕೀಮೋ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಅಂಥವರು ವಂಶದಲ್ಲಿ ಬರುವ ಬ್ರಾಕಾ ಜೀನ್ ದೋಷದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಕಾಯಿಲೆ ಬೇರೆಲ್ಲಾದರೂ ಹರಡಿದೆಯಾ ಅಂತ ಇಡೀ ಮೈ ನೋಡುವ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಗಂಟು ಚಿಕ್ಕದಿದ್ದು, ಕಂಕುಳಲ್ಲಿ ಏನೂ ಸಿಗದೆ, ಮೈಯಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಸಿಎ 15-3 ಅನ್ನುವ ರಕ್ತ ಪರೀಕ್ಷೆಯಿಂದ ಸ್ತನ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಹೇಳಲು ಬರುವುದಿಲ್ಲ. ಪ್ಯಾಕೇಜಿನಲ್ಲಿ ಸೇರಿಸಿದ್ದಾರೆ ಅಂತ ಮಾಡಿಸಿಕೊಂಡು ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ.

ಆಪರೇಷನ್ ಮೊದಲೋ, ಕೀಮೋ ಮೊದಲೋ

"ಕೀಮೋ ಮೊದಲು ಕೊಡ್ತೀವಿ ಅಂದ್ರೆ ಕೈಮೀರಿದೆ ಅಂತ ಅರ್ಥ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಗಂಟು ದೊಡ್ಡದಿದ್ದರೆ, ಕಂಕುಳಿಗೆ ಬಂದಿದ್ದರೆ, ಅಥವಾ ಹರ್-ಟೂ ಪಾಸಿಟಿವ್ ಇಲ್ಲವೇ ಟ್ರಿಪಲ್ ನೆಗೆಟಿವ್ ಆಗಿದ್ದರೆ, ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸುತ್ತಾರೆ. ಔಷಧಿ ಹಿಡಿಯುತ್ತಿದೆಯಾ ಅನ್ನುವುದು ಕಣ್ಣೆದುರೇ ಗೊತ್ತಾಗುತ್ತದೆ, ಎದೆ ಉಳಿಸಿಕೊಳ್ಳಲೂ ಆಗಬಹುದು. ಕೆಲವರಿಗೆ ಗಂಟು ಪೂರ್ತಿ ಕರಗಿ ಹುಡುಕಿದರೂ ಸಿಗುವುದಿಲ್ಲ, ಅದಕ್ಕೇ ಕೀಮೋಗೆ ಮೊದಲು ಆ ಜಾಗದಲ್ಲಿ ಚಿಕ್ಕ ಲೋಹದ ಕ್ಲಿಪ್ ಹಾಕಿಸಬೇಕು. ಮರೆಯದೆ ಕೇಳಿ. ಅಕ್ಕನಿಗೆ ಈ ದಾರಿಯೇ ಮುಚ್ಚಿಹೋಗಿತ್ತು, ಗಂಟು ಆಗಲೇ ಅರೆಬರೆ ತೆಗೆದಾಗಿತ್ತಲ್ಲ.

ಎದೆ ಪೂರ್ತಿ ತೆಗೆಸಿದರೆ ಮಾತ್ರ ಸುರಕ್ಷಿತ ಅನ್ನುವ ಮಾತು ಮನೆಮನೆಯಲ್ಲೂ ಇದೆ. "ಬೇರು ಸಮೇತ ತೆಗೆಸಿಬಿಡಿ" ಅನ್ನುತ್ತಾರೆ. ಅಮೆರಿಕದಲ್ಲೂ ಇಟಲಿಯ ಮಿಲಾನ್‌ನಲ್ಲೂ ಸಾವಿರಾರು ಹೆಂಗಸರನ್ನು 20 ವರ್ಷ ಗಮನಿಸಿ 2002ರಲ್ಲಿ ಹೇಳಿದ್ದು ಇದು: ಚಿಕ್ಕ ಗಂಟಿದ್ದವರಲ್ಲಿ ಗಂಟು ಮಾತ್ರ ಅಂಚು ಸಮೇತ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ಎದೆ ತೆಗೆಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಒಂದಕ್ಕಿಂತ ಹೆಚ್ಚು ಕಡೆ ಗಂಟು ಹರಡಿದ್ದರೆ, ಎದೆಗೆ ಹೋಲಿಸಿದರೆ ಗಂಟೇ ದೊಡ್ಡದಿದ್ದರೆ, ರೇಡಿಯೇಷನ್ ಕೊಡಲು ಆಗದಿದ್ದರೆ ಪೂರ್ತಿ ತೆಗೆಯುವುದು ಸರಿ. ಇದನ್ನು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕಾದವಳು ಆ ಹೆಂಗಸು. ಗಂಡ, ಭಾವ, ಮೈದುನ ಸೇರಿ ಹೊರಗೆ ಕಾರಿಡಾರಿನಲ್ಲಿ ತೀರ್ಮಾನಿಸುವ ವಿಷಯ ಇದಲ್ಲ.

ಕಂಕುಳಿನ ಗ್ರಂಥಿಗಳ ಬಗ್ಗೆಯೂ ಕೇಳಿ. ಪರೀಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ ಅಂತಿದ್ದರೆ ಎಲ್ಲವನ್ನೂ ಬಳಿದು ತೆಗೆಯಬೇಕಿಲ್ಲ, ಬಣ್ಣ ಹಾಕಿ ಮೊದಲ ಒಂದೆರಡು ಗ್ರಂಥಿ ತೆಗೆದು ನೋಡುತ್ತಾರೆ. ಸೆಂಟಿನೆಲ್ ನೋಡ್ ಬಯಾಪ್ಸಿ ಅಂತ ಅದರ ಹೆಸರು. ಇದರಿಂದ ಮುಂದೆ ಕೈ ಊದುವ ತೊಂದರೆ ಬಹಳ ಕಡಿಮೆ.

ಆಪರೇಷನ್ ಆದ ಮೇಲೆ ಪಕ್ಕದಲ್ಲಿ ಒಂದು ಟ್ಯೂಬು, ಅದರ ತುದಿಗೆ ಡಬ್ಬಿ ಇರಬಹುದು. ದಿನಾ ಎಷ್ಟು ಎಂಎಲ್ ನೀರು ಬಂತು ಅಂತ ಕ್ಯಾಲೆಂಡರಿನ ಮೇಲೆ ಬರೆಯಿರಿ, 30ಕ್ಕಿಂತ ಕಡಿಮೆ ಆದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕೈ ವ್ಯಾಯಾಮ ಮಾತ್ರ ಬಿಡಬೇಡಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸುವುದು. ಅಕ್ಕ ಅಡುಗೆಮನೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕುತ್ತಿದ್ದಳು, ದಿನಕ್ಕೆ ಅರ್ಧ ಇಂಚು ಮೇಲೆ. ಆ ಗೆರೆಗಳು ಈಗಲೂ ಇವೆ.

ಕೀಮೋ ದಿನಗಳು

ಶುರು ಮಾಡುವ ಮೊದಲು ಹೃದಯದ ಎಕೋ, ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಮುಂದೆ ಮಕ್ಕಳು ಬೇಕು ಅನ್ನುವ ವಯಸ್ಸಿನವರು ಅಂಡಾಣು ತೆಗೆದಿಡುವ ಬಗ್ಗೆ ಆಗಲೇ ಕೇಳಬೇಕು, ಕೀಮೋ ಶುರುವಾದ ಮೇಲೆ ತಡವಾಗುತ್ತದೆ. ಪದೇ ಪದೇ ನರ ಹುಡುಕಿ ಚುಚ್ಚುವುದು ಕಷ್ಟ ಅನ್ನಿಸಿದರೆ ಪೋರ್ಟ್ ಹಾಕಿಸಿಕೊಳ್ಳಬಹುದು, ಅದು ಔಷಧಿ ಕೊಡಲು ಚರ್ಮದ ಕೆಳಗೆ ಕೂರಿಸುವ ಚಿಕ್ಕ ಡಬ್ಬಿ.

ಅಕ್ಕನಿಗೆ ಮೊದಲು ನಾಲ್ಕು ಸಲ ಅಡ್ರಿಯಾಮೈಸಿನ್ ಮತ್ತು ಸೈಕ್ಲೋಫಾಸ್ಫಮೈಡ್, ಆಮೇಲೆ ವಾರಕ್ಕೊಂದರಂತೆ 12 ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಅಡ್ರಿಯಾಮೈಸಿನ್ ಕೆಂಪು ಬಣ್ಣದ ಔಷಧಿ, ಆವತ್ತು ಮೂತ್ರವೂ ಕೆಂಪಗೆ ಹೋಗುತ್ತದೆ. ರಕ್ತ ಅಲ್ಲ, ಹೆದರಬೇಡಿ. ಎರಡು ಮೂರು ವಾರಕ್ಕೆ ಕೂದಲು ದಿಂಬಿನ ಮೇಲೆ ಉದುರಲು ಶುರುವಾಗುತ್ತದೆ. ಅದಕ್ಕೆ ಮೊದಲೇ ಗಿಡ್ಡ ಕತ್ತರಿಸಿಕೊಂಡರೆ ನೋಡುವ ಸಂಕಟ ಸ್ವಲ್ಪ ಕಡಿಮೆ. ಕೀಮೋ ಮುಗಿದ ಮೇಲೆ ಮತ್ತೆ ಬರುತ್ತದೆ, ಅಕ್ಕನಿಗೆ ಗುಂಗುರಾಗಿ ಬಂತು. ಪ್ಯಾಕ್ಲಿಟ್ಯಾಕ್ಸೆಲ್ ಸಮಯದಲ್ಲಿ ಬೆರಳ ತುದಿ ಜೋಮು ಹಿಡಿದು ರವಿಕೆಯ ಹುಕ್ಕು ಹಾಕಲು ಬರುತ್ತಿರಲಿಲ್ಲ, ನಾನೇ ಹಾಕುತ್ತಿದ್ದೆ. ಹೀಗಾದರೆ ಡಾಕ್ಟರಿಗೆ ಹೇಳಿ, ಸಹಿಸಿಕೊಂಡು ಸುಮ್ಮನಿರಬೇಡಿ, ಡೋಸ್ ಬದಲಿಸುತ್ತಾರೆ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬಿಳಿ ರಕ್ತಕಣ ಕುಸಿದಿರುತ್ತದೆ, ಸಣ್ಣ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಬರಬಹುದು. ಪ್ಯಾರಾಸಿಟಮಲ್ ನುಂಗಿ ಬೆಳಿಗ್ಗೆ ನೋಡೋಣ ಅಂತ ಮಲಗಬೇಡಿ.

ಊಟದ ವಿಷಯಕ್ಕೆ ಎಲ್ಲರೂ ಡಾಕ್ಟರುಗಳೇ. ಮೊಟ್ಟೆ ನಂಜು, ಬದನೆ ನಂಜು, ಮೀನು ಬೇಡ ಅಂತ ಹೇಳಿ ಹೇಳಿ ರೋಗಿಯನ್ನು ಸೊರಗಿಸುತ್ತಾರೆ. ಕೀಮೋಗೆ ಶಕ್ತಿ ಬೇಕು, ಪ್ರೋಟೀನ್ ಬೇಕು. ಬೇಯಿಸಿದ ಮೊಟ್ಟೆ, ಮೀನು, ಕೋಳಿ, ಬೇಳೆ, ಕಾಳು, ರಾಗಿ ಗಂಜಿ ಯಾವುದು ಸೇರುತ್ತದೋ ಅದು ಸ್ವಲ್ಪ ಸ್ವಲ್ಪ, ಆರು ಸಲ. ಹೊರಗಿನ ಕತ್ತರಿಸಿದ ಹಣ್ಣು, ಬೀದಿ ಚಟ್ನಿ, ಹಸಿ ಸೊಪ್ಪು ಬೇಡ. ನಾಟಿ ಔಷಧಿ, ಕಷಾಯ, ಪುಡಿ ಯಾರು ಪ್ರೀತಿಯಿಂದ ತಂದುಕೊಟ್ಟರೂ ಕೀಮೋ ಡಾಕ್ಟರಿಗೆ ತೋರಿಸದೆ ಕುಡಿಯಬೇಡಿ. ಕೀಮೋ ಬಿಟ್ಟು ಬರೀ ಅದನ್ನೇ ನಂಬಿ ಹೋದವರು, ಗುಣವಾಗಬಹುದಾಗಿದ್ದ ಸಮಯ ಕಳೆದುಕೊಂಡು ವಾಪಸ್ ಬರುವುದನ್ನು ಆ ಕಾರಿಡಾರಿನಲ್ಲೇ ಕಂಡಿದ್ದೇನೆ.

ಆಮೇಲೆ

ರೇಡಿಯೇಷನ್ ಈಗ ಸಾಮಾನ್ಯವಾಗಿ ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ. ನೋವಿಲ್ಲ. ಚರ್ಮ ಕಪ್ಪಾಗುತ್ತದೆ, ಮೆತ್ತನೆ ಹತ್ತಿ ಬಟ್ಟೆ ಹಾಕಿ. ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬಹುದು, ಮೈಯಲ್ಲಿ ಯಾವ ಕಿರಣವೂ ಉಳಿದಿರುವುದಿಲ್ಲ.

ಹರ್-ಟೂ ಪಾಸಿಟಿವ್ ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಮೂರು ವಾರಕ್ಕೊಮ್ಮೆ, ಒಂದು ವರ್ಷ. ಒಂದು ಕಾಲದಲ್ಲಿ ಇದರ ಬೆಲೆ ಕೇಳಿಯೇ ಜನ ಎದ್ದು ಹೋಗುತ್ತಿದ್ದರು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್ ಬಿಟ್ಟಿತು, ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ಬಯೋಸಿಮಿಲರ್ ಅಂದರೆ ಮೂಲ ಔಷಧಿಯ ಹಾಗೆಯೇ ಕೆಲಸ ಮಾಡುವಂತೆ ಬೇರೆ ಕಂಪನಿ ತಯಾರಿಸಿದ್ದು, ಕಳಪೆ ಅಲ್ಲ.

ಇಆರ್ ಪಾಸಿಟಿವ್ ಇದ್ದವರಿಗೆ ಮಾತ್ರೆ, ಕನಿಷ್ಠ ಐದು ವರ್ಷ, ಕೆಲವರಿಗೆ ಹತ್ತು. ಮುಟ್ಟು ನಿಲ್ಲದವರಿಗೆ ಟ್ಯಾಮಾಕ್ಸಿಫೆನ್, ನಿಂತವರಿಗೆ ಹೆಚ್ಚಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್. ಅಗ್ಗದ ಚಿಕ್ಕ ಮಾತ್ರೆ ಅಂತ ಇದನ್ನೇ ಜನ ಅರ್ಧಕ್ಕೆ ಬಿಡುತ್ತಾರೆ. ಬಿಸಿ ಏರಿ ಬೆವರುವುದು, ಕೀಲು ನೋವು ಬರುತ್ತದೆ, ನಿಜ. ಬಿಡುವ ಮೊದಲು ಡಾಕ್ಟರ ಹತ್ತಿರ ಹೇಳಿ, ಮಾತ್ರೆ ಬದಲಿಸಬಹುದು. ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕೂಡಲೇ ತೋರಿಸಬೇಕು. ಲೆಟ್ರೊಜೋಲ್‌ನವರು ಮೂಳೆ ಸಾಂದ್ರತೆ ನೋಡಿಸಿಕೊಳ್ಳಬೇಕು.

ದುಡ್ಡು, ಕಾಗದ, ಬಸ್ಸು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್, ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ, ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳುತ್ತೇವೆ ಅಂದರೆ ಬಹಳ ಕಷ್ಟ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಅಲ್ಲಿಗೇ ಅಂತ ಇಟ್ಟುಕೊಳ್ಳಿ, ಬುತ್ತಿ ಒಯ್ಯಿರಿ. ಕಲ್ಯಾಣ ಕರ್ನಾಟಕದ ಕಡೆಯವರಿಗೆ ಕಲಬುರಗಿಯಲ್ಲಿ ಕಿದ್ವಾಯಿಯದೇ ಕೇಂದ್ರ ಇದೆ. ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲೂ ಡೇಕೇರ್ ಕೀಮೋ ಶುರುವಾಗಿದೆ, ಪ್ರತಿ ಸಲ ಬೆಂಗಳೂರಿಗೆ ಬರಬೇಕಾ ಅಂತ ಡಾಕ್ಟರನ್ನು ಕೇಳಿ. ಶಕ್ತಿ ಯೋಜನೆಯ ಬಸ್ಸಿದೆ, ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಒಂದು ದಪ್ಪ ಫೈಲ್ ಮಾಡಿ. ತಾರೀಖಿನ ಪ್ರಕಾರ ಎಲ್ಲ ರಿಪೋರ್ಟ್, ಮೇಲಿನ ಹಾಳೆಯಲ್ಲಿ ಸ್ಟೇಜು, ಇಆರ್, ಪಿಆರ್, ಹರ್-ಟೂ, ಕೀಮೋ ತಾರೀಖುಗಳು. ಎಲ್ಲದರ ಫೋಟೋ ಫೋನಿನಲ್ಲೂ ಇರಲಿ.

ಚಿಕಿತ್ಸೆ ಮುಗಿದ ಮೇಲೆ ಡಾಕ್ಟರ ಭೇಟಿ ಮೂರು ತಿಂಗಳಿಂದ ಆರು ತಿಂಗಳಿಗೆ, ಮ್ಯಾಮೋಗ್ರಾಮ್ ವರ್ಷಕ್ಕೊಮ್ಮೆ. ಏನೂ ತೊಂದರೆ ಇಲ್ಲದಿದ್ದರೆ ಪದೇ ಪದೇ ಪೆಟ್ ಸ್ಕ್ಯಾನ್ ಬೇಡ. ಅಕ್ಕತಂಗಿಯರು, ಹೆಣ್ಣುಮಕ್ಕಳು ತಮ್ಮ ಪರೀಕ್ಷೆ ಯಾವ ವಯಸ್ಸಿಗೆ ಶುರುಮಾಡಬೇಕು ಅಂತ ಕೇಳಿಕೊಳ್ಳಬೇಕು. ಸಾಮಾನ್ಯವಾಗಿ ಮನೆಯಲ್ಲಿ ಅದು ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಅನ್ನುತ್ತಾರೆ.

ಹಾಗಾಗಿ ನಾನೂ ಹೋದ ತಿಂಗಳು ಮ್ಯಾಮೋಗ್ರಾಮ್ ಮಾಡಿಸಿದೆ. ಬೆಳಿಗ್ಗೆ ಆರಕ್ಕೇ ಅಕ್ಕನ ಫೋನು. "ಪೌಡರ್ ಹಚ್ಕೋಬೇಡ್ವೇ, ನಾನೂ ಬರ್ತೀನಿ ಇರು."